ಗ್ಯಾರೇಜಿನಲ್ಲಿ ವರ್ಕ್‌ಶಾಪು: ತಗಡಿನ ಬಾಗಿಲು ಇಳಿಸಿ ಚಳಿ ತಡೆಯುವ ಬಾಗಿಲು ಕೂರಿಸುವುದು

ಜನವರಿಯ ಬೆಳಿಗ್ಗೆ ಮಿನ್ನೆಸೋಟದಲ್ಲೋ ಮಿಷಿಗನ್‌ನಲ್ಲೋ ಗ್ಯಾರೇಜಿನ ಬಾಗಿಲ ಒಳಮೈ ನೋಡಿ. ಒಂಟಿ ತಗಡಿನ ಬಾಗಿಲಾದರೆ ಕೀಲುಗಳ ಸುತ್ತ, ಬೋಲ್ಟಿನ ತಲೆಗಳ ಮೇಲೆ ಬಿಳಿ ಹಿಮದ ಪುಡಿ ಕೂತಿರುತ್ತದೆ. ಅದೇ ಗ್ಯಾರೇಜಿನಲ್ಲಿ ಟೇಬಲ್ ಸಾ, ಬೆಂಚು, ಕ್ಲ್ಯಾಂಪು ಇಟ್ಟುಕೊಂಡು ಮರಗೆಲಸ ಮಾಡುವವರ ಪಾಡು ಗೊತ್ತಿರುವುದೇ: ಹೀಟರ್ ಉರಿಯುತ್ತಲೇ ಇರುತ್ತದೆ, ಬೆರಳು ಮರಗಟ್ಟುತ್ತಲೇ ಇರುತ್ತವೆ. ಹಳದಿ ಬಣ್ಣದ ಮರದ ಅಂಟುಗಳಲ್ಲಿ ಹೆಚ್ಚಿನವು ಸುಮಾರು 50 ಡಿಗ್ರಿ ಫ್ಯಾರನ್‌ಹೀಟ್‌ಗಿಂತ, ಅಂದರೆ 10 ಸೆಲ್ಸಿಯಸ್‌ಗಿಂತ ಕೆಳಗೆ ಸರಿಯಾಗಿ ಹಿಡಿಯುವುದಿಲ್ಲ. ಒಣಗಿದ ಅಂಟು ಸುಣ್ಣದ ಹಾಗೆ ಬೆಳ್ಳಗೆ ಪುಡಿಯಾದರೆ ಆ ಜೋಡಣೆ ಹೋಯಿತೆಂದೇ ಲೆಕ್ಕ. ರಾತ್ರಿಯೆಲ್ಲ ತಣ್ಣಗಾದ ಟೇಬಲ್ ಸಾದ ಬೀಡುಕಬ್ಬಿಣದ ಮೇಜಿಗೆ ಬೆಳಿಗ್ಗೆ ಹೀಟರಿನ ಬಿಸಿಗಾಳಿ ತಾಗಿದರೆ ಅದು ಬೆವರುತ್ತದೆ, ಬೆವರಿನ ಹಿಂದೆಯೇ ತುಕ್ಕು.

ಅಮೆರಿಕ, ಕೆನಡಾದ ಮನೆಗಳಲ್ಲಿ ಗ್ಯಾರೇಜಿನ ಒಂದು ಗೋಡೆ ಪೂರ್ತಿ ಬಾಗಿಲೇ. ಅಡ್ಡ ಹಲಗೆಗಳನ್ನು ಕೀಲಿನಿಂದ ಜೋಡಿಸಿದ ಈ ಬಾಗಿಲು ರೋಲರುಗಳ ಮೇಲೆ ಪಕ್ಕದ ಹಳಿಗಳಲ್ಲಿ ಮೇಲೇರಿ ಚಾವಣಿಯಡಿ ಮಲಗುತ್ತದೆ. ಅದನ್ನು ಬದಲಿಸುವುದು ಇಬ್ಬರಿಗೆ ಒಂದು ದಿನದ ಕೆಲಸ. ಆದರೆ ಈ ಕೆಲಸ ಕೆಡುವುದು ಬಾಗಿಲಿನ ಆಯ್ಕೆಯಲ್ಲಿ ಅಲ್ಲ. ಹೊಸ ಬಾಗಿಲಿನ ತೂಕಕ್ಕೆ ಸ್ಪ್ರಿಂಗ್ ಹೊಂದದಿದ್ದರೆ ಕೆಡುತ್ತದೆ, ಅಂಚಿನ ಸಂದುಗಳನ್ನು ಹಾಗೇ ಬಿಟ್ಟರೆ ಕೆಡುತ್ತದೆ.

ಮೊದಲು ಒಂದು ಲೆಕ್ಕ

ಎರಡು ಕಾರಿನ ಬಾಗಿಲು ಸಾಮಾನ್ಯವಾಗಿ 16 ಅಡಿ ಅಗಲ, 7 ಅಡಿ ಎತ್ತರ. ಅಂದರೆ 112 ಚದರ ಅಡಿ. ಹೊರಗೆ 10 ಡಿಗ್ರಿ ಫ್ಯಾರನ್‌ಹೀಟ್ ಇದೆ, ಒಳಗೆ 60 ಬೇಕು ಎಂದಿಟ್ಟುಕೊಳ್ಳಿ, ವ್ಯತ್ಯಾಸ 50. ವಿಸ್ತೀರ್ಣವನ್ನು ಈ ವ್ಯತ್ಯಾಸದಿಂದ ಗುಣಿಸಿ ಆರ್-ವ್ಯಾಲ್ಯೂನಿಂದ, ಅಂದರೆ ಶಾಖ ತಡೆಯುವ ಶಕ್ತಿಯ ಅಳತೆಯಿಂದ, ಭಾಗಿಸಿದರೆ ಗಂಟೆಗೆ ಸೋರುವ ಶಾಖ ಬಿಟಿಯು ಎಂಬ ಶಾಖದ ಮಾನದ ಲೆಕ್ಕದಲ್ಲಿ ಸಿಗುತ್ತದೆ. ಬರೀ ತಗಡಿಗೆ ತನ್ನದೆಂಬ ಆರ್-ವ್ಯಾಲ್ಯೂ ಇಲ್ಲವೇ ಇಲ್ಲ. ಎರಡೂ ಮೈಗೆ ಅಂಟಿನಿಂತ ಗಾಳಿಯ ಪದರ ಸೇರಿಸಿ ಉದಾರವಾಗಿ 1 ಎಂದು ಹಿಡಿಯೋಣ. ಆಗ ಗಂಟೆಗೆ 5,600 ಬಿಟಿಯು. ಗೋಡೆಯ ಪ್ಲಗ್ಗಿಗೆ ಹಾಕುವ 1,500 ವ್ಯಾಟ್‌ನ ಹೀಟರ್ ಕೊಡುವುದೇ ಸುಮಾರು 5,100. ಹೀಟರಿನ ದುಡಿಮೆಯೆಲ್ಲ ಬಾಗಿಲೊಂದಕ್ಕೇ ಸಾಲುವುದಿಲ್ಲ.

ಆರ್-9 ಬಾಗಿಲು ಹಾಕಿದರೆ ಅದೇ ಲೆಕ್ಕ 622ಕ್ಕೆ ಇಳಿಯುತ್ತದೆ. ಆರ್-18 ಹಾಕಿದರೆ 311. ಇಲ್ಲಿ ಗಮನಿಸಬೇಕಾದದ್ದಿದೆ: ತಗಡಿನಿಂದ 9ಕ್ಕೆ ಹೋದಾಗ ಉಳಿದದ್ದು ಹತ್ತಿರ ಹತ್ತಿರ 5,000 ಬಿಟಿಯು, 9ರಿಂದ 18ಕ್ಕೆ ಹೋದಾಗ ಉಳಿದದ್ದು 300 ಚಿಲ್ಲರೆ, ಅಂದರೆ ಸುಮಾರು 90 ವ್ಯಾಟ್. ಒಂದು ಹಳೇ ಬಲ್ಬಿನಷ್ಟು. ಅಂಗಡಿಯವರು ದೊಡ್ಡ ಸಂಖ್ಯೆ ತೋರಿಸಿ ದೊಡ್ಡ ಬೆಲೆ ಹೇಳಿದಾಗ ಈ ಲೆಕ್ಕ ನೆನಪಿರಲಿ.

ಕ್ಯಾಟಲಾಗಿನ ಆರ್-ವ್ಯಾಲ್ಯೂ ಹಲಗೆಯ ನಡುಭಾಗದ್ದು ಎಂಬುದೂ ತಿಳಿದಿರಲಿ. ಹಲಗೆ ಹಲಗೆ ಸೇರುವ ಜಾಗ, ಅಂಚಿನ ತಗಡು, ಕಿಟಕಿ ಇವೆಲ್ಲ ಅದರಲ್ಲಿ ಸೇರಿಲ್ಲ. ಪೂರ್ತಿ ಬಾಗಿಲನ್ನು ಕೂರಿಸಿ ಪರೀಕ್ಷಿಸಿ ಕೊಡುವ ಸಂಖ್ಯೆಗೆ ಯೂ-ಫ್ಯಾಕ್ಟರ್ ಎನ್ನುತ್ತಾರೆ; ಅದು ಕಡಿಮೆಯಿದ್ದಷ್ಟೂ ಒಳ್ಳೆಯದು. 1ನ್ನು ಅದರಿಂದ ಭಾಗಿಸಿದರೆ ನಿಜವಾದ ಆರ್ ಸಿಗುತ್ತದೆ. ಕೇಳಿ ಪಡೆಯಿರಿ.

ಇನ್ನು ಸಂದು. 16ಕ್ಕೆ 7 ಅಡಿಯ ಬಾಗಿಲಿನ ಸುತ್ತಳತೆ 46 ಅಡಿ. ಸುತ್ತಲೂ ಬರೀ ಎಂಟನೇ ಒಂದು ಇಂಚು ಸಂದು ಬಿಟ್ಟರೂ ಒಟ್ಟು 69 ಚದರ ಇಂಚು. ನಮ್ಮೂರಿನ 9 ಇಂಚಿಗೆ 3 ಇಂಚಿನ ಇಟ್ಟಿಗೆ ಎರಡೂವರೆ ಕಿತ್ತು ಗೋಡೆಯಲ್ಲಿ ಕಿಂಡಿ ಬಿಟ್ಟಂತೆ. ಆ ಕಿಂಡಿಯ ಮುಂದೆ ಆರ್-18 ಏನೂ ಮಾಡಲಾರದು.

ಉಳಿದ ಮೂರು ಗೋಡೆಯೂ ಚಾವಣಿಯೂ ಬೋಳಾಗಿದ್ದರೆ ಮೊದಲು ಚಾವಣಿ, ಆಮೇಲೆ ಗೋಡೆ, ಕೊನೆಗೆ ಬಾಗಿಲು. ಈ ಸಾಲು ತಪ್ಪಿಸಿ ಬಾಗಿಲಿಗೆ ಮೊದಲು ಹಣ ಸುರಿದವರು ಮುಂದಿನ ಚಳಿಗಾಲದಲ್ಲೂ ಕೋಟು ಹಾಕಿಕೊಂಡೇ ರಂದ ಹೊಡೆಯುತ್ತಿರುತ್ತಾರೆ.

ಬಾಗಿಲು ಆರಿಸುವುದು

ಮಾರುಕಟ್ಟೆಯಲ್ಲಿ ಮೂರು ಬಗೆ. ಒಂದು ಪದರ ಎಂದರೆ ಬರೀ ತಗಡು. ಎರಡು ಪದರದ್ದರಲ್ಲಿ ತಗಡಿನ ಹಿಂದೆ ಪಾಲಿಸ್ಟೈರೀನ್ ಹಲಗೆ ತುರುಕಿರುತ್ತಾರೆ; ನಾವು ಥರ್ಮಾಕೋಲ್ ಎನ್ನುವ ವಸ್ತುವೇ ಅದು. ಮೂರು ಪದರದ್ದರಲ್ಲಿ ಹಿಂದೆಯೂ ತಗಡು, ನಡುವೆ ಪಾಲಿಸ್ಟೈರೀನ್ ಅಥವಾ ಪಾಲಿಯುರೆಥೇನ್ ಫೋಮ್. ಪಾಲಿಸ್ಟೈರೀನ್‌ನವು ಕ್ಯಾಟಲಾಗಿನಲ್ಲಿ ಸಾಮಾನ್ಯವಾಗಿ ಆರ್-6ರಿಂದ 9, ಪಾಲಿಯುರೆಥೇನ್‌ನವು 12ರಿಂದ 18.

ವರ್ಕ್‌ಶಾಪಿಗೆ ಮೂರು ಪದರದ್ದೇ ಸರಿ. ಕಾರಣ ಶಾಖವೊಂದೇ ಅಲ್ಲ. ಬೆಂಚಿನಿಂದ ಜಾರಿದ ಎಂಟಡಿ ಹಲಗೆಯ ಮೂಲೆ ಬಡಿದರೆ ಎರಡು ಪದರದ ಬಾಗಿಲಿನ ಥರ್ಮಾಕೋಲ್ ಅಲ್ಲೇ ತೂತು. ಪಾಲಿಯುರೆಥೇನನ್ನು ತಗಡುಗಳ ನಡುವೆ ಸುರಿದು ಉಬ್ಬಿಸುವುದರಿಂದ ಅದು ಎರಡೂ ಮೈಗೆ ಅಂಟಿ ಹಲಗೆಯನ್ನು ಗಟ್ಟಿ ಮಾಡುತ್ತದೆ. ಬಾಗಿಲು ಗಡಗಡ ಎನ್ನುವುದು ನಿಲ್ಲುತ್ತದೆ, ಮರ ಕೊರೆಯುವ ರೌಟರಿನ ಸದ್ದೂ ಪಕ್ಕದ ಮನೆಗೆ ಅಷ್ಟಾಗಿ ಹೋಗುವುದಿಲ್ಲ. ತಗಡಿನ ದಪ್ಪವನ್ನು ಗೇಜ್‌ನಲ್ಲಿ ಹೇಳುತ್ತಾರೆ. ಸಂಖ್ಯೆ ಕಡಿಮೆಯಾದಷ್ಟೂ ತಗಡು ದಪ್ಪ. 24 ಗೇಜ್ ಗಟ್ಟಿ, 28 ಗೇಜ್ ತೆಳು. ಮಕ್ಕಳು ಬಾಗಿಲಿಗೆ ಚೆಂಡು ಹೊಡೆಯುವ ಮನೆಯಾದರೆ 28 ಬೇಡ.

ಬಣ್ಣದ ವಿಷಯದಲ್ಲಿ ಹೆಚ್ಚಿನವರು ಎಡವುತ್ತಾರೆ. ಮೂರು ಪದರದ ಬಾಗಿಲಿನ ಹೊರತಗಡು ಬಿಸಿಲಿಗೆ ಕಾದು ಹಿಗ್ಗುತ್ತದೆ, ಒಳತಗಡು ತಣ್ಣಗೇ ಇರುತ್ತದೆ. ಹಲಗೆ ನಡುವಿನಲ್ಲಿ ಹೊರಕ್ಕೆ ಬಾಗುತ್ತದೆ. ಪಡುವಣಕ್ಕೋ ತೆಂಕಣಕ್ಕೋ ಮುಖಮಾಡಿದ 16 ಅಡಿ ಬಾಗಿಲಿಗೆ ಕಪ್ಪು, ಕಡುಕಂದು ಬಳಿದರೆ ಈ ಬಾಗು ಕಣ್ಣಿಗೇ ಕಾಣುತ್ತದೆ. ತಿಳಿ ಬಣ್ಣ ಆರಿಸಿ. ಟೆಕ್ಸಸ್, ಅರಿಜೋನಾದಂಥ ಸೆಕೆಯ ಊರುಗಳಲ್ಲಿ ಇದು ಇನ್ನೂ ಮುಖ್ಯ. ನಿಮ್ಮ ಬಡಾವಣೆಗೆ ಮನೆಮಾಲೀಕರ ಸಂಘವಿದ್ದರೆ ಬಣ್ಣಕ್ಕೂ ವಿನ್ಯಾಸಕ್ಕೂ ಮೊದಲೇ ಒಪ್ಪಿಗೆ ಬೇಕಾಗುತ್ತದೆ. ಫ್ಲಾರಿಡಾದಂಥ ಚಂಡಮಾರುತದ ಸೀಮೆಯಲ್ಲಿ ಗಾಳಿಯ ಒತ್ತಡ ತಡೆಯುವ ಪ್ರಮಾಣಪತ್ರವಿರುವ ಬಾಗಿಲೇ ಆಗಬೇಕು.

ಕಿಟಕಿ ಬೇಕೋ ಬೇಡವೋ? ಹಗಲು ಬೆಳಕಿನಲ್ಲಿ ಪಾಲಿಶ್ ಬಳಿಯುವವರಿಗೆ ಬೇಕು. ಮೇಲಿನ ಹಲಗೆಯಲ್ಲಿ ಮಾತ್ರ, ಎರಡು ಗಾಜಿನದು ಹಾಕಿಸಿ. ಗಾಜಿದ್ದಷ್ಟು ಜಾಗ ಶಾಖವೂ ಸೋರುತ್ತದೆ, ತೂಕವೂ ಏರುತ್ತದೆ.

ಇರುವ ತಗಡಿನ ಬಾಗಿಲು ನೆಟ್ಟಗಿದ್ದು ಕೈಯಲ್ಲಿ ದುಡ್ಡಿಲ್ಲದಿದ್ದರೆ ಫೋಮ್ ಹಲಗೆ ಕತ್ತರಿಸಿ ಅದರ ಗುಳಿಗಳಲ್ಲಿ ಕೂರಿಸುವ ದಾರಿಯೂ ಇದೆ. ಗುಳಿಗಿಂತ ಕಾಲು ಇಂಚು ಚಿಕ್ಕದಾಗಿ ಕತ್ತರಿಸಬೇಕು, ಹಲಗೆಗಳು ಮಡಚುವ ಜಾಗಕ್ಕೆ ಫೋಮ್ ಹೋಗಬಾರದು, ಬೋಳು ಫೋಮ್ ಕಿಡಿ ತಾಗಿದರೆ ಹತ್ತಿಕೊಳ್ಳುವುದರಿಂದ ಬೆಂಕಿ ತಡೆಯುವ ಹೊದಿಕೆ ಇರುವುದನ್ನೇ ಕೊಳ್ಳಬೇಕು. ಒಂದೂವರೆ ಇಂಚಿನ ಥರ್ಮಾಕೋಲ್ 112 ಚದರ ಅಡಿಗೆ ಸುಮಾರು 14 ಪೌಂಡ್ ತೂಗುತ್ತದೆ. ಅಷ್ಟಕ್ಕೂ ಸ್ಪ್ರಿಂಗ್ ಹೊಂದಿಸಬೇಕಾಗುತ್ತದೆ ಎಂಬುದನ್ನು ಈ ಕಿಟ್ ಕೊಂಡವರು ಮರೆಯುತ್ತಾರೆ.

ಅಳತೆ

ಬಾಗಿಲುವಾಡದ ಅಗಲ, ಎತ್ತರಗಳನ್ನು ತಲಾ ಮೂರು ಕಡೆ ಅಳೆಯಿರಿ. ಬಾಗಿಲಿನ ಅಳತೆ ವಾಡದ ಅಳತೆಯೇ. ಮೂಲೆಯಿಂದ ಮೂಲೆಗೆ ಎರಡೂ ಕರ್ಣ ಅಳೆದು ಹೋಲಿಸಿ. ಅರ್ಧ ಇಂಚಿಗಿಂತ ಹೆಚ್ಚು ಫರಕಿದ್ದರೆ ವಾಡ ಓರೆಯಾಗಿದೆ, ಅದನ್ನು ಮೊದಲು ತಿದ್ದಬೇಕು.

ವಾಡದ ಮೇಲಂಚಿನಿಂದ ಚಾವಣಿಯವರೆಗೆ, ಅಥವಾ ಅಡ್ಡ ಬರುವ ತೊಲೆ, ಪೈಪಿನವರೆಗೆ ಎಷ್ಟಿದೆ ನೋಡಿ. ಮಾಮೂಲಿ ಹಳಿಗೂ ಮೇಲಿನ ಸ್ಪ್ರಿಂಗ್ ದಂಡಕ್ಕೂ ಸುಮಾರು 12 ಇಂಚು ಬೇಕು, ಮೋಟಾರಿದ್ದರೆ ಇನ್ನೂ ಎರಡು ಮೂರು ಇಂಚು. ಅಷ್ಟಿಲ್ಲದಿದ್ದರೆ ತಗ್ಗು ಚಾವಣಿಯ ಜೋಡಿ ಹಳಿ ಸಿಗುತ್ತದೆ. ಎರಡೂ ಪಕ್ಕ ಸುಮಾರು 4 ಇಂಚು ಗೋಡೆ ಖಾಲಿ ಇರಬೇಕು. ಹಿಂದಕ್ಕೆ ಬಾಗಿಲಿನ ಎತ್ತರಕ್ಕಿಂತ ಒಂದೂವರೆ ಅಡಿ ಹೆಚ್ಚು, ಮೋಟಾರು ಸೇರಿದರೆ ನಾಲ್ಕಡಿ ಹೆಚ್ಚು ಜಾಗ ಬೇಕು.

ವರ್ಕ್‌ಶಾಪಿನವರು ಇಲ್ಲೊಂದು ಯೋಚನೆ ಮಾಡಲೇಬೇಕು. ತೆರೆದ ಬಾಗಿಲು ತಲೆಯ ಮೇಲೆ ಏಳಡಿಯಲ್ಲಿ ಅಡ್ಡ ಮಲಗುತ್ತದೆ. ಅದರಡಿ ಎಂಟಡಿ ಪ್ಲೈವುಡ್ ನೆಟ್ಟಗೆ ನಿಲ್ಲಿಸಲಾಗುವುದಿಲ್ಲ, ದೀಪಗಳೂ ಮರೆಯಾಗುತ್ತವೆ. ಚಾವಣಿ ಹತ್ತಡಿಯಿದ್ದರೆ ಬಾಗಿಲು ನೆಟ್ಟಗೆ ಇನ್ನಷ್ಟು ಮೇಲೇರಿ ಚಾವಣಿಯ ಹತ್ತಿರ ಮಲಗುವ ಹೈ-ಲಿಫ್ಟ್ ಹಳಿ ಹಾಕಿಸಬಹುದು. ಅದರ ಜೊತೆಗೆ ಗೋಡೆಯ ಪಕ್ಕದಲ್ಲಿ ಸ್ಪ್ರಿಂಗ್ ದಂಡಕ್ಕೇ ಜೋಡಿಸುವ ಜ್ಯಾಕ್‌ಶಾಫ್ಟ್ ಮೋಟಾರು ಹಾಕಿದರೆ ನಡುವಿನ ಚಾವಣಿ ಪೂರ್ತಿ ನಿಮ್ಮದು. ಆದರೆ ಹೈ-ಲಿಫ್ಟ್‌ಗೆ ಬಾಗಿಲು ಎಳೆಯುವ ತಂತಿ ಸುತ್ತಿಕೊಳ್ಳುವ ಡ್ರಮ್ಮೂ ಬೇರೆ, ಸ್ಪ್ರಿಂಗೂ ಬೇರೆ. ಆರ್ಡರ್ ಕೊಡುವಾಗಲೇ ಹೇಳದಿದ್ದರೆ ಆಮೇಲೆ ಎಲ್ಲವನ್ನೂ ಮತ್ತೆ ಕೊಳ್ಳಬೇಕು.

ಹಳೆಯ ಹಳಿ ಚೆನ್ನಾಗಿದೆ, ಅದನ್ನೇ ಇಟ್ಟುಕೊಳ್ಳೋಣ ಎಂಬ ಆಸೆ ಬೇಡ. ಹಳೆಯ ತೆಳು ಬಾಗಿಲಿಗೂ ಹೊಸ 2 ಇಂಚಿನ ಬಾಗಿಲಿಗೂ ರೋಲರ್ ನಿಲ್ಲುವ ದೂರ ಬೇರೆ. ಹಳೆಯ ಹಳಿಯಲ್ಲಿ ಹೊಸ ಬಾಗಿಲು ವಾಡಕ್ಕೆ ಒತ್ತಿ ಉಜ್ಜುತ್ತದೆ, ಇಲ್ಲವೇ ದೂರ ನಿಂತು ಗಾಳಿ ಬಿಡುತ್ತದೆ.

ತೂಕ ಮತ್ತು ಸ್ಪ್ರಿಂಗ್

ಬಾಗಿಲನ್ನು ಮೋಟಾರು ಎತ್ತುತ್ತದೆ ಎಂದೇ ಎಲ್ಲರೂ ತಿಳಿದಿರುತ್ತಾರೆ. ಎತ್ತುವುದು ಸ್ಪ್ರಿಂಗ್, ಮೋಟಾರು ಬರೀ ಎಳೆದೊಯ್ಯುತ್ತದೆ. ಊರಿನ ಅಂಗಡಿಯ ರೋಲಿಂಗ್ ಶಟರ್ ಒಂದು ಕೈಯಲ್ಲಿ ಮೇಲೆ ಹೋಗುವುದೂ ಒಳಗೆ ಅಡಗಿರುವ ಸ್ಪ್ರಿಂಗಿನಿಂದಲೇ.

ಎರಡು ಕಾರಿನ ಒಂಟಿ ತಗಡಿನ ಬಾಗಿಲು ಸಾಮಾನ್ಯವಾಗಿ 130ರಿಂದ 150 ಪೌಂಡ್ ತೂಗಿದರೆ ಮೂರು ಪದರದ್ದು 200 ಪೌಂಡ್ ದಾಟಬಹುದು. ಹಳೆಯ ಸ್ಪ್ರಿಂಗಿನ ಮೇಲೆ ಹೊಸ ಬಾಗಿಲು ಹೇರಿದರೆ ಕೊರತೆಯ ಐವತ್ತು ಅರವತ್ತು ಪೌಂಡನ್ನು ಮೋಟಾರಿನ ಪ್ಲಾಸ್ಟಿಕ್ ಗೇರ್ ಹೊರಬೇಕು. ಅದು ಕೆಲವೇ ತಿಂಗಳಲ್ಲಿ ಸವೆದು ಹೋಗುತ್ತದೆ. ಅದಕ್ಕಿಂತ ಕೆಟ್ಟದ್ದೆಂದರೆ, ಕರೆಂಟು ಹೋದಾಗ ಮೋಟಾರು ಬಿಡಿಸುವ ಕೆಂಪು ಹಗ್ಗ ಎಳೆದು ಕೈಯಿಂದ ತೆರೆಯಲು ಹೋದರೆ ಬಾಗಿಲು ಕತ್ತಿಯಂತೆ ಕೆಳಗೆ ಬೀಳುತ್ತದೆ. ಸ್ಪ್ರಿಂಗ್ ಅತಿಯಾದರೂ ತೊಂದರೆಯೇ: ಬಾಗಿಲು ತಾನೇ ಮೇಲೆ ತೇಲುತ್ತದೆ, ತಂತಿ ಸಡಿಲಾಗಿ ಡ್ರಮ್ಮಿನಿಂದ ಜಾರುತ್ತದೆ, ಕೆಳಗಿನ ರಬ್ಬರು ನೆಲಕ್ಕೆ ಒತ್ತುವುದಿಲ್ಲ.

ಹೀಗಾಗಿ ಬಾಗಿಲು, ಕಿಟಕಿ, ಅಡ್ಡಪಟ್ಟಿ ಎಲ್ಲ ಸೇರಿದ ತೂಕ ಹೇಳಿ ಅದಕ್ಕೆ ಹೊಂದುವ ಟಾರ್ಷನ್ ಸ್ಪ್ರಿಂಗ್, ಅಂದರೆ ಬಾಗಿಲ ಮೇಲಿನ ದಂಡದಲ್ಲಿ ತಿರುಚಿ ಬಿಗಿಮಾಡುವ ಸ್ಪ್ರಿಂಗ್, ತರಿಸಿ. ತಯಾರಕರು ತೂಕ ಕೊಟ್ಟಿರುತ್ತಾರೆ. ಅನುಮಾನವಿದ್ದರೆ ಜೋಡಿಸಿದ ಬಾಗಿಲನ್ನು ಸ್ಪ್ರಿಂಗ್ ತಿರುಚುವ ಮೊದಲೇ ಸ್ನಾನದಮನೆಯ ತೂಕದ ಯಂತ್ರದ ಮೇಲೆ ನಡುಮಧ್ಯಕ್ಕೆ ಕೂರಿಸಿ ನೋಡಿ. ಸ್ಪ್ರಿಂಗಿನ ಗುರುತು ನಾಲ್ಕು: ತಂತಿಯ ದಪ್ಪ, ಒಳವ್ಯಾಸ, ಉದ್ದ, ಎಡಸುತ್ತೋ ಬಲಸುತ್ತೋ. ದಪ್ಪ ಅಳೆಯಲು ಒಂದೊಂದೇ ಸುತ್ತು ನೋಡಬೇಡಿ. ಬಿಚ್ಚಿದ ಸ್ಪ್ರಿಂಗಿನ ಇಪ್ಪತ್ತು ಸುತ್ತುಗಳನ್ನು ಟೇಪಿನಲ್ಲಿ ಹಿಡಿದು 20ರಿಂದ ಭಾಗಿಸಿ. ನಾಲ್ಕೂವರೆ ಇಂಚು ಬಂದರೆ 0.225, ಐದು ಇಂಚು ಬಂದರೆ 0.250. ಈ ಸಣ್ಣ ಫರಕಿನಲ್ಲೇ ಹತ್ತಾರು ಪೌಂಡಿನ ವ್ಯತ್ಯಾಸ ಅಡಗಿದೆ.

ಮಾಮೂಲಿ ಸ್ಪ್ರಿಂಗಿನ ಆಯಸ್ಸು 10,000 ಸಲ ತೆರೆದು ಮುಚ್ಚುವಷ್ಟು. ದಿನಕ್ಕೆ ನಾಲ್ಕು ಸಲವಾದರೆ ಏಳು ವರ್ಷಕ್ಕೂ ಕಡಿಮೆ. ಮರ ತರುವುದು, ಧೂಳು ಹೊರಹಾಕುವುದು ಎಂದು ಪದೇ ಪದೇ ತೆರೆಯುವವರು ಹೆಚ್ಚು ಆಯಸ್ಸಿನ ಜೋಡಿಯನ್ನು ಕೇಳುವುದು ಲಾಭ.

ಹಳೆಯ ಬಾಗಿಲು ಇಳಿಸುವುದು

ಸ್ಪ್ರಿಂಗ್ ಬಿಚ್ಚುವುದೂ ತಿರುಚುವುದೂ ಈ ಕೆಲಸದ ಅಪಾಯದ ಭಾಗ. ತಿರುಚಿದ ಟಾರ್ಷನ್ ಸ್ಪ್ರಿಂಗ್ ಕೈ ಮುರಿಯಬಲ್ಲದು, ಮುಖ ಒಡೆಯಬಲ್ಲದು. ಹಿಂದೆ ಮಾಡಿ ಗೊತ್ತಿಲ್ಲದವರು ಇದೊಂದನ್ನು ಕಸುಬುದಾರರಿಗೆ ಬಿಡುವುದೇ ಸರಿ. ಉಳಿದದ್ದೆಲ್ಲ ನೀವೇ ಮಾಡಬಹುದು. ಮುಂದೆ ಬರೆದಿರುವುದು ಅವರು ಮಾಡುವುದು ಸರಿಯಿದೆಯೇ ಎಂದು ನೋಡಿಕೊಳ್ಳಲಿಕ್ಕೂ ಆಗುತ್ತದೆ.

ಮೋಟಾರಿನ ಪ್ಲಗ್ ಕೀಳಿ, ಬಾಗಿಲು ಮುಚ್ಚಿ, ಮೋಟಾರಿನ ತೋಳು ಕಳಚಿ. ಹಳಿಯಲ್ಲಿ ರೋಲರಿನ ಮೇಲುಗಡೆ ವೈಸ್ ಗ್ರಿಪ್ ಇಕ್ಕಳ ಕಚ್ಚಿಸಿ. ಸ್ಪ್ರಿಂಗಿನ ತುದಿಗೆ ಕೂರುವ ಕೋನ್‌ನಲ್ಲಿ ನಾಲ್ಕು ತೂತುಗಳಿರುತ್ತವೆ. ಅವಕ್ಕೆ ಸರಿಯಾಗಿ ಕೂರುವ ಉಕ್ಕಿನ ಸಲಾಕೆಗಳು ಎರಡು, ಸಾಮಾನ್ಯವಾಗಿ ಅರ್ಧ ಇಂಚು ದಪ್ಪ, 18 ಇಂಚು ಉದ್ದ. ಸ್ಕ್ರೂಡ್ರೈವರ್ ತುರುಕಿದರೆ ಆಸ್ಪತ್ರೆ ಸೇರಬೇಕಾದೀತು. ಒಂದು ಸಲಾಕೆಯಲ್ಲಿ ಭಾರ ಹಿಡಿದು ಬಿಗಿಸ್ಕ್ರೂ ಸಡಿಲಿಸಿ, ಕಾಲು ಸುತ್ತು ಇಳಿಸಿ, ಎರಡನೆಯದನ್ನು ತೂರಿಸಿ, ಮೊದಲನೆಯದನ್ನು ತೆಗೆಯಿರಿ. ಸ್ಪ್ರಿಂಗಿನ ನೇರಕ್ಕೆ ಮುಖ ತರದೆ ಪಕ್ಕದಲ್ಲಿ ನಿಲ್ಲಬೇಕು.

ಹಳೆಯ ಮನೆಗಳಲ್ಲಿ ಹಳಿಯ ಉದ್ದಕ್ಕೂ ಎಳೆದುಕೊಳ್ಳುವ ಎಕ್ಸ್‌ಟೆನ್ಷನ್ ಸ್ಪ್ರಿಂಗ್ ಇರುತ್ತದೆ. ಅದರ ಕ್ರಮ ಉಲ್ಟಾ: ಬಾಗಿಲನ್ನು ಪೂರ್ತಿ ಮೇಲೆತ್ತಿ ಕ್ಲ್ಯಾಂಪ್ ಹಾಕಿದಾಗಲೇ ಆ ಸ್ಪ್ರಿಂಗ್ ಸಡಿಲಾಗುವುದು. ಬಾಗಿಲಿನ ತೀರಾ ಕೆಳಮೂಲೆಯ ಬ್ರ್ಯಾಕೆಟ್ಟಿಗೆ ತಂತಿಯ ಸೆಳೆತವೆಲ್ಲ ಕೂತಿರುವುದರಿಂದ ಸ್ಪ್ರಿಂಗ್ ಸಡಿಲಾಗುವವರೆಗೆ ಅದರ ಬೋಲ್ಟ್ ಮುಟ್ಟಬಾರದು. ಆಮೇಲೆ ಮೇಲಿನ ಹಲಗೆಯಿಂದ ಶುರುಮಾಡಿ ಒಂದೊಂದೇ ಇಳಿಸುತ್ತ ಬನ್ನಿ.

ಹೊಸದನ್ನು ಕೂರಿಸುವುದು

ಏಳಡಿ ಬಾಗಿಲೆಂದರೆ 21 ಇಂಚಿನ ನಾಲ್ಕು ಹಲಗೆ. ಮೊದಲನೆಯದು ಸರಿ ಕೂತರೆ ಮೇಲಿನ ಮೂರೂ ಸರಿ ಕೂರುತ್ತವೆ, ಮೊದಲನೆಯದರಲ್ಲಿ ಕಾಲು ಇಂಚು ತಪ್ಪಿದರೆ ಅದೇ ತಪ್ಪು ಮೇಲಿನವರೆಗೂ ಏರುತ್ತದೆ. ನಿಧಾನ ಮಾಡಬೇಕಾದ್ದು ಇಲ್ಲಿಯೇ. ಕೆಳ ಹಲಗೆಗೆ ರಬ್ಬರು, ಬ್ರ್ಯಾಕೆಟ್ಟು, ತಂತಿ ಜೋಡಿಸಿ ವಾಡದ ನಡುವೆ ನಿಲ್ಲಿಸಿ, ಮೇಲಂಚಿಗೆ ರಸಮಟ್ಟ ಇಡಿ. ಕಾಂಕ್ರೀಟು ನೆಲ ಸಮವಿರುವುದು ಅಪರೂಪ. ನೆಲ ತಗ್ಗಿದ ಕಡೆ ಮರದ ಚಕ್ಕೆ ಕೊಟ್ಟು ಹಲಗೆಯನ್ನು ಮಟ್ಟ ಮಾಡಬೇಕು, ನೆಲದ ಓರೆಗೆ ಹಲಗೆಯನ್ನು ಓರೆ ಮಾಡಬಾರದು. ಅರ್ಧ ಇಂಚಿನವರೆಗಿನ ಸಂದನ್ನು ಕೆಳಗಿನ ರಬ್ಬರೇ ತುಂಬಿಕೊಳ್ಳುತ್ತದೆ.

ಮುಂದಿನ ಹಲಗೆಗಳನ್ನು ಒಂದರ ಮೇಲೊಂದು ಪೇರಿಸುತ್ತ ಕೀಲು ಹಾಕಿ. ಪ್ರತಿ ಕೀಲಿನ ಮೇಲೂ ಸಂಖ್ಯೆ ಒತ್ತಿರುತ್ತದೆ; ನೋಡದೆ ಹಾಕಿದರೆ ಕೆಟ್ಟಿರಿ. ಎರಡೂ ಅಂಚುಗಳಲ್ಲಿ ಒಂದನೆಯ-ಎರಡನೆಯ ಹಲಗೆ ಸೇರುವಲ್ಲಿ 1, ಎರಡನೆಯ-ಮೂರನೆಯದು ಸೇರುವಲ್ಲಿ 2, ಮೂರನೆಯ-ನಾಲ್ಕನೆಯದು ಸೇರುವಲ್ಲಿ 3. ನಡುವಿನ ಕೀಲುಗಳೆಲ್ಲ 1. ಸಂಖ್ಯೆ ಹೆಚ್ಚಿದಂತೆ ಆ ಕೀಲು ರೋಲರನ್ನು ಬಾಗಿಲಿನಿಂದ ಸ್ವಲ್ಪ ಸ್ವಲ್ಪ ದೂರ ಹಿಡಿಯುತ್ತದೆ. ಏಕೆಂದರೆ ನೆಟ್ಟಗಿನ ಹಳಿ ನಿಜಕ್ಕೂ ನೆಟ್ಟಗಿರುವುದಿಲ್ಲ. ಮೇಲೆ ಹೋದಂತೆ ಗೋಡೆಯಿಂದ ಚೂರು ಚೂರೇ ದೂರವಾಗುತ್ತದೆ. ಈ ಓರೆಯಿಂದಾಗಿಯೇ ಬಾಗಿಲು ಮೇಲೇಳುತ್ತಿದ್ದಂತೆ ಅಂಚಿನ ಪಟ್ಟಿಯನ್ನು ಬಿಟ್ಟು ಹಿಂದೆ ಸರಿಯುತ್ತದೆ, ಮುಚ್ಚುವ ಕೊನೆಯ ಗಳಿಗೆಯಲ್ಲಿ ಮಾತ್ರ ಒತ್ತುತ್ತದೆ. 1 ಇರಬೇಕಾದಲ್ಲಿ 3 ಹಾಕಿದರೆ ಬಾಗಿಲು ಪಟ್ಟಿಯನ್ನು ತಿಕ್ಕಿ ತಿಕ್ಕಿ ಹರಿಯುತ್ತದೆ, 3ರ ಜಾಗದಲ್ಲಿ 1 ಹಾಕಿದರೆ ಮೇಲ್ಗಡೆ ಬೆರಳು ತೂರುವಷ್ಟು ಸಂದು.

ರೋಲರು ನೈಲಾನಿನದು, ಬೇರಿಂಗ್ ಇರುವುದು ತೆಗೆದುಕೊಳ್ಳಿ. ಬಾಗಿಲಿನ ಜೊತೆ ಬಂದ ಉಕ್ಕಿನದಕ್ಕಿಂತ ಸದ್ದು ಎಷ್ಟೋ ಕಡಿಮೆ. ಅಡ್ಡ ಹಳಿಗಳ ಹಿಂತುದಿಯನ್ನು ತೂತಿನ ಆ್ಯಂಗಲ್ ಕಬ್ಬಿಣದಿಂದ ಚಾವಣಿಯ ತೊಲೆಗೆ ಬಿಗಿಯಬೇಕು, ಬರೀ ಡ್ರೈವಾಲ್ ಎಂಬ ಜಿಪ್ಸಮ್ ಹಲಗೆಗಲ್ಲ. ಆ 200 ಪೌಂಡ್ ಬಾಗಿಲು ತೆರೆದಾಗ ನೇತಾಡುವುದು ಅಲ್ಲಿಯೇ. 16 ಅಡಿ ಬಾಗಿಲಿನ ಮೇಲಿನ ಹಲಗೆಗೆ ಉಕ್ಕಿನ ಅಡ್ಡಪಟ್ಟಿ ಕಡ್ಡಾಯ. ಮೋಟಾರಿನ ತೋಳು ಹಿಡಿಯುವ ಜಾಗಕ್ಕೂ ಬಲಪಡಿಸುವ ಬ್ರ್ಯಾಕೆಟ್ಟು ಹಾಕಬೇಕು. ಇಲ್ಲದಿದ್ದರೆ ತೆಳು ತಗಡು ಮೊದಲು ಮಡಚಿ ಆಮೇಲೆ ಹರಿಯುತ್ತದೆ. ಒಳಗೆ ಫೋಮ್ ಇರುವುದರಿಂದ ಅದನ್ನು ಬಡಿದು ನೇರ ಮಾಡಲಾಗದು, ಹಲಗೆಯನ್ನೇ ಬದಲಿಸಬೇಕು.

ಸ್ಪ್ರಿಂಗಿನ ನಡುಬ್ರ್ಯಾಕೆಟ್ಟು ನಿಲ್ಲುವ ಮರದ ಹಲಗೆ ಸೀಳಿದ್ದರೆ ಹೊಸ 2ಕ್ಕೆ 6ರ ಮರವನ್ನು ಉದ್ದ ಲ್ಯಾಗ್ ಸ್ಕ್ರೂಗಳಿಂದ ವಾಡದ ಮೇಲಿನ ತೊಲೆಗೆ ಬಿಗಿಯಿರಿ. ಒಳಗಿನಿಂದ ನೋಡಿದಾಗ ಬಲಸುತ್ತಿನ ಸ್ಪ್ರಿಂಗ್ ಎಡಕ್ಕೆ, ಎಡಸುತ್ತಿನದು ಬಲಕ್ಕೆ ಬರಬೇಕು. ಹೆಸರಿಗೆ ಉಲ್ಟಾ ಕಾಣುತ್ತದೆ, ಆದರೆ ಅದೇ ಸರಿ. ತಂತಿಗಳನ್ನು ಡ್ರಮ್ಮಿಗೆ ಸುತ್ತಿ ಎರಡೂ ಕಡೆ ಸಮನಾಗಿ ಬಿಗಿಮಾಡಿ, ಸ್ಪ್ರಿಂಗಿನ ಉದ್ದಕ್ಕೂ ಸೀಮೆಸುಣ್ಣದಲ್ಲಿ ಒಂದು ಗೆರೆ ಎಳೆದುಕೊಳ್ಳಿ. ತಿರುಚಿದಂತೆ ಗೆರೆ ಸುರುಳಿಯಾಗುತ್ತ ಹೋಗುವುದರಿಂದ ಸುತ್ತು ಎಣಿಸುವುದು ಸುಲಭ. ಮಾಮೂಲಿ ಡ್ರಮ್ಮಿಗೆ ಏಳಡಿ ಬಾಗಿಲಾದರೆ ಏಳೂವರೆ ಸುತ್ತು, ಅಂದರೆ 30 ಕಾಲುಸುತ್ತು. ಎಂಟಡಿಗೆ ಎಂಟೂವರೆ, 34 ಕಾಲುಸುತ್ತು. ಸ್ಪ್ರಿಂಗಿನ ಜೊತೆ ಬಂದ ಚೀಟಿ ಬೇರೆ ಹೇಳಿದರೆ ಚೀಟಿಯದ್ದೇ ಅಂತಿಮ. ಸಲಾಕೆಯನ್ನು ಮೇಲಕ್ಕೆ ತಳ್ಳುತ್ತ ತಿರುಚಬೇಕು. ಬಿಗಿಸ್ಕ್ರೂ ದಂಡಕ್ಕೆ ತಾಗಿದ ಮೇಲೆ ಅರ್ಧದಿಂದ ಮುಕ್ಕಾಲು ಸುತ್ತು ಸಾಕು.

ಮೋಟಾರು ಜೋಡಿಸುವ ಮೊದಲೇ ತೂಕ ಪರೀಕ್ಷಿಸಿ. ಬಾಗಿಲನ್ನು ಕೈಯಿಂದ ಅರ್ಧಕ್ಕೆ ಎತ್ತಿ ನಿಧಾನವಾಗಿ ಕೈ ಸಡಿಲಿಸಿ. ನಿಂತಲ್ಲೇ ನಿಂತರೆ ಸರಿ. ಜಗ್ಗಿದರೆ ಕಾಲು ಸುತ್ತು ಹೆಚ್ಚಿಸಿ, ಮೇಲೇರಿದರೆ ಕಾಲು ಸುತ್ತು ಇಳಿಸಿ. ಎರಡೂ ಸ್ಪ್ರಿಂಗಿಗೆ ಸಮನಾಗಿ. ಹಾಗೆ ಒಂದು ಸುತ್ತಿಗಿಂತ ಹೆಚ್ಚು ಬದಲಿಸಬೇಕಾಗಿ ಬಂದರೆ ಬಂದಿರುವ ಸ್ಪ್ರಿಂಗೇ ತಪ್ಪು.

ಸಂದು ಮುಚ್ಚುವುದು

ಪಕ್ಕಗಳಿಗೂ ಮೇಲಕ್ಕೂ ರೆಕ್ಕೆಯಿರುವ ವಿನೈಲ್ ಪಟ್ಟಿ ಬರುತ್ತದೆ. ಬಾಗಿಲು ಮುಚ್ಚಿದ್ದಾಗಲೇ ಹೊರಗಿನಿಂದ ಅದನ್ನು ಹಿಡಿದು, ರೆಕ್ಕೆ ಬಾಗಿಲಿಗೆ ತಾಗಿ ಸುಮಾರು ಕಾಲು ಇಂಚು ಬಾಗುವಷ್ಟಕ್ಕೆ ಮೊಳೆ ಹೊಡೆಯಿರಿ. ಇನ್ನೂ ಬಿಗಿಯಾಗಲಿ ಎಂದು ಒತ್ತಿ ಹೊಡೆದರೆ ಮೋಟಾರು ಅದನ್ನು ಅಡ್ಡಿ ಎಂದು ತಿಳಿದು ಬಾಗಿಲನ್ನು ವಾಪಸು ಎತ್ತುತ್ತದೆ. ವಿನೈಲ್ ಚಳಿಗೆ ಸೆಟೆದುಕೊಳ್ಳುವ ವಸ್ತು. ಬೇಸಿಗೆಯಲ್ಲಿ ಕೂದಲೆಳೆಯಷ್ಟು ತಾಗಿಸಿ ಬಿಟ್ಟ ಪಟ್ಟಿ ಜನವರಿಯಲ್ಲಿ ಬಾಗಿಲನ್ನು ಮುಟ್ಟುವುದೇ ಇಲ್ಲ.

ನೆಲ ಅರ್ಧ ಇಂಚಿಗಿಂತ ಹೆಚ್ಚು ತಗ್ಗಿದ್ದರೆ ಹೊಸ್ತಿಲಿನಂತೆ ನೆಲಕ್ಕೇ ಅಂಟಿಸುವ ರಬ್ಬರು ಪಟ್ಟಿ ಹಾಕಬಹುದು. ಕಾಂಕ್ರೀಟು ತೊಳೆದು ಪೂರ್ತಿ ಒಣಗಿರಬೇಕು, ಅಂಟು ಹಿಡಿಯಲು ಹವೆ ಬೆಚ್ಚಗಿರಬೇಕು. ಇದು ಅಕ್ಟೋಬರಿನೊಳಗೆ ಮುಗಿಸುವ ಕೆಲಸ. ಒಂದು ಎಡವಟ್ಟು ಇದೆ: ಕಾರಿಗೆ ಮೆತ್ತಿದ ಹಿಮ ಕರಗಿದ ನೀರು ಹೊರಗೆ ಹರಿಯದೆ ಈ ಹೊಸ್ತಿಲಿನ ಒಳಗೇ ನಿಲ್ಲುತ್ತದೆ. ಕಾರನ್ನೂ ಒಳಗೇ ನಿಲ್ಲಿಸುವವರು ಇದನ್ನು ಬಿಟ್ಟು ಬಾಗಿಲಿನ ಕೆಳಗೆ ಅಗಲವಾದ ರಬ್ಬರು ಹಾಕಿಕೊಳ್ಳುವುದು ವಾಸಿ. ಕೆಳಮೂಲೆಗಳಲ್ಲಿ ಪಕ್ಕದ ಪಟ್ಟಿಯೂ ಕೆಳಗಿನ ರಬ್ಬರೂ ಸೇರುವ ಜಾಗವೇ ಇಲಿಗಳ ಹೆಬ್ಬಾಗಿಲು, ಅಲ್ಲಿ ಚೂರು ರಬ್ಬರು ಹೆಚ್ಚಾಗಿಯೇ ಬಿಡಿ.

ಪರೀಕ್ಷೆಗೆ ದುಬಾರಿ ಉಪಕರಣ ಬೇಡ. ಹಗಲಲ್ಲಿ ದೀಪ ಆರಿಸಿ ಒಳಗೆ ನಿಂತರೆ ಬೆಳಕಿನ ಗೆರೆ ಕಂಡಲ್ಲೆಲ್ಲ ಗಾಳಿಯ ದಾರಿ. ಆಮೇಲೆ ಮರದ ಪುಡಿ ಗುಡಿಸಿ, ಥಿನ್ನರು ಪಾಲಿಶುಗಳ ಡಬ್ಬಿ ಹೊರಗಿಟ್ಟು, ಒಂದು ಊದುಬತ್ತಿ ಹಚ್ಚಿಕೊಂಡು ಅಂಚಿನುದ್ದಕ್ಕೂ ನಿಧಾನವಾಗಿ ಸಾಗಿ. ಹೊಗೆ ನೆಟ್ಟಗೆ ಏರುತ್ತಿದ್ದದ್ದು ಸಟ್ಟನೆ ಒಳಕ್ಕೆ ಬಾಗಿದರೆ ಅಲ್ಲಿ ಪಟ್ಟಿ ತಾಗಿಲ್ಲ.

ಇಷ್ಟು ಬಿಗಿಯಾದ ಗ್ಯಾರೇಜಿನಲ್ಲಿ ಕಾರಿನ ಎಂಜಿನ್, ಜನರೇಟರ್, ಹೊಗೆಕೊಳವೆಯಿಲ್ಲದ ಪ್ರೊಪೇನ್ ಹೀಟರ್ ಯಾವುದೂ ಉರಿಯಬಾರದು. ಕಾರ್ಬನ್ ಮಾನಾಕ್ಸೈಡ್ ಮನೆಯೊಳಗೂ ನುಸುಳುತ್ತದೆ. ಪ್ರೊಪೇನ್ ಉರಿದಾಗ ಹುಟ್ಟುವ ನೀರಾವಿ ಟೇಬಲ್ ಸಾ ಮೇಲೇ ಕೂರುತ್ತದೆ. ವಿದ್ಯುತ್ ಹೀಟರ್, ಇಲ್ಲವೇ ಹೊಗೆ ಹೊರಗೆ ಹೋಗುವ ಗ್ಯಾಸ್ ಹೀಟರ್ ಮಾತ್ರ.

ಮೋಟಾರು, ಮತ್ತು ಮೊದಲ ಚಳಿಗಾಲ

ಹೊಸ ತೂಕಕ್ಕೆ ಮೋಟಾರಿನ ಬಲವನ್ನೂ ನಿಲ್ಲುವ ಎತ್ತರವನ್ನೂ ಹೊಸದಾಗಿ ಕಲಿಸಬೇಕು; ಹಳೆಯ ಅಳವಡಿಕೆ ಉಳಿಸಿಕೊಳ್ಳಬೇಡಿ. ಅಡ್ಡ ಬಂದದ್ದನ್ನು ಗುರುತಿಸಿ ಬಾಗಿಲು ತಡೆಯುವ, ಎರಡೂ ಪಕ್ಕದ ಬೆಳಕಿನ ಕಣ್ಣುಗಳು ನೆಲದಿಂದ 6 ಇಂಚಿಗಿಂತ ಮೇಲಿರಬಾರದು. 1993ರಿಂದ ಅಮೆರಿಕದಲ್ಲಿ ಮನೆಬಳಕೆಯ ಮೋಟಾರಿಗೆ ತಾಗಿದರೆ ವಾಪಸು ಏಳುವುದಲ್ಲದೆ ಇಂಥ ಎರಡನೆಯ ರಕ್ಷಣೆಯೂ ಕಾನೂನಿನ ಪ್ರಕಾರ ಇರಲೇಬೇಕು. ಅದಕ್ಕಿಂತ ಹಳೆಯ ಮೋಟಾರಾದರೆ ಬಾಗಿಲಿನ ಜೊತೆಗೇ ಅದನ್ನೂ ಬದಲಿಸಿ. 2ಕ್ಕೆ 4ರ ಮರದ ತುಂಡನ್ನು ಬಾಗಿಲ ನಡುವೆ ನೆಲದ ಮೇಲೆ ಅಡ್ಡ ಮಲಗಿಸಿ ಬಾಗಿಲು ಮುಚ್ಚಿ. ಮರ ತಾಗಿದ ಕೂಡಲೇ ಅದು ವಾಪಸು ಮೇಲೇಳಬೇಕು. ಏಳದಿದ್ದರೆ ಬಲ ಕಡಿಮೆ ಮಾಡಿ ಮತ್ತೆ ನೋಡಿ, ಅದಾಗುವವರೆಗೆ ಮೋಟಾರು ಬಳಸಬೇಡಿ.

ಕೀಲು, ಬೇರಿಂಗ್, ಸ್ಪ್ರಿಂಗಿಗೆ ವರ್ಷಕ್ಕೆರಡು ಸಲ ಗ್ಯಾರೇಜ್ ಬಾಗಿಲಿಗೆಂದೇ ಬರುವ ಲಿಥಿಯಂ ಅಥವಾ ಸಿಲಿಕೋನ್ ಸ್ಪ್ರೇ ಹೊಡೆಯಿರಿ. ಹಳಿಯ ಒಳಗೆ ಮಾತ್ರ ಎಣ್ಣೆ ಗ್ರೀಸು ಬೇಡ. ವರ್ಕ್‌ಶಾಪಿನ ಮರದ ಪುಡಿ ಅದಕ್ಕೆ ಅಂಟಿ ಹಿಟ್ಟಿನಂತಾಗಿ ರೋಲರು ಉರುಳುವ ಬದಲು ಜಾರತೊಡಗುತ್ತದೆ. ಒಣ ಬಟ್ಟೆಯಲ್ಲಿ ಒರೆಸಿದರೆ ಸಾಕು.

ನೀರು ನಿಂತ ರಾತ್ರಿ ಹೆಪ್ಪುಗಟ್ಟಿದರೆ ಕೆಳಗಿನ ರಬ್ಬರು ನೆಲಕ್ಕೆ ಕಚ್ಚಿಕೊಂಡಿರುತ್ತದೆ. ಬಟನ್ ಒತ್ತಿ ಮೋಟಾರಿನಿಂದ ಕೀಳಿಸಲು ಹೋದರೆ ರಬ್ಬರು ಹರಿಯುತ್ತದೆ, ಇಲ್ಲವೇ ಮೇಲಿನ ಹಲಗೆ ಮಡಚುತ್ತದೆ. ಕೆಂಪು ಹಗ್ಗ ಎಳೆದು ಮೋಟಾರು ಬಿಡಿಸಿ, ಒಳಗಿನಿಂದ ಚಪ್ಪಟೆ ಪುಟ್ಟಿ ಕತ್ತಿಯಲ್ಲಿ ಅಂಚು ಬಿಡಿಸಿಕೊಂಡು ಬನ್ನಿ. ನವೆಂಬರಿನಲ್ಲೇ ಆ ರಬ್ಬರಿಗೆ ಸಿಲಿಕೋನ್ ಸ್ಪ್ರೇ ಸವರಿಟ್ಟರೆ ಇದು ಹೆಚ್ಚಾಗಿ ಆಗುವುದಿಲ್ಲ.